ಇದು ನಮ್ಮ ಆರ್‌ಎನ್‌ಎ ಅಲ್ಲ ಅಂತ ಜೀವಕೋಶಕ್ಕೆ ಗೊತ್ತಾಗುವುದು ಹೇಗೆ?

ಡೆಂಗಿ ವೈರಸ್‌ನ ಹೊಟ್ಟೆಯಲ್ಲಿರುವುದು ಒಂದೇ ಒಂದು ಆರ್‌ಎನ್‌ಎ ಎಳೆ. ಉದ್ದ ಸುಮಾರು 10,700 ಅಕ್ಷರ, ಅಷ್ಟೇ. ಈಡಿಸ್ ಸೊಳ್ಳೆ ಕಚ್ಚಿದ ಮೇಲೆ ಈ ಎಳೆ ನಮ್ಮ ಜೀವಕೋಶದ ಒಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಆಗಲೇ ನಮ್ಮದೇ ಆರ್‌ಎನ್‌ಎ ಎಳೆಗಳು ಲಕ್ಷಗಟ್ಟಲೆ ಇರುತ್ತವೆ. ನಮ್ಮವೂ ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದವು. ವೈರಸ್‌ನದೂ ಅದೇ ನಾಲ್ಕು ಅಕ್ಷರ. ಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಂತೂ ವ್ಯತ್ಯಾಸವೇ ತಿಳಿಯುವುದಿಲ್ಲ. ನಮ್ಮ ಎಳೆಯನ್ನು ಓದಿದಷ್ಟೇ ಶ್ರದ್ಧೆಯಿಂದ ವೈರಸ್‌ನದನ್ನೂ ಓದಿ, ಅದಕ್ಕೆ ಬೇಕಾದ ಪ್ರೋಟೀನ್‌ಗಳನ್ನು ಮಾಡಿಕೊಡುತ್ತದೆ.

ಆದರೂ ಕೆಲವೇ ಗಂಟೆಗಳಲ್ಲಿ ಕೋಶಕ್ಕೆ ಸುಳಿವು ಸಿಕ್ಕಿಬಿಡುತ್ತದೆ. ಆ ದೇಹ ಡೆಂಗಿಯನ್ನು ಹಿಂದೆಂದೂ ಕಂಡಿರದಿದ್ದರೂ ಸರಿ. ಈ ವೈರಸ್‌ಗೆ ಅಂತಲೇ ಪ್ರತಿಕಾಯಗಳು ತಯಾರಾಗಲು ಇನ್ನೂ ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ವೈರಸ್ ಅನ್ನು ಗುರುತಿಸಿ ತಡೆದು ನಿಲ್ಲಿಸುವುದು ನಾವು ಹುಟ್ಟುವಾಗಲೇ ಜೊತೆಗೆ ತಂದ ರೋಗನಿರೋಧಕ ವ್ಯವಸ್ಥೆ. ಅದಕ್ಕೆ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ.

ಅಕ್ಷರ ಒಂದೇ ಆದಾಗ ಪರಕೀಯ ಯಾವುದು ಅಂತ ಅದು ಹೇಗೆ ಹೇಳುತ್ತದೆ? ಈ ಪ್ರಶ್ನೆಗೆ ಉತ್ತರದ ಬಹುಪಾಲು ಸಿಕ್ಕಿದ್ದು 2000ದಿಂದ ಈಚೆಗೆ. ಕೋಶ ಆ ಬರಹವನ್ನು ಓದಿ ಅರ್ಥ ಮಾಡಿಕೊಳ್ಳಲು ಹೋಗುವುದೇ ಇಲ್ಲ. ಎಳೆ ಎಲ್ಲಿ ಬಿದ್ದಿದೆ, ಅದರ ತುದಿ ಹೇಗಿದೆ, ಒಂಟಿಯೋ ಜೋಡಿಯೋ, ಮೇಲೆ ನಮ್ಮ ಗುರುತುಗಳಿವೆಯೋ ಇಲ್ಲವೋ ಎಂದು ನೋಡುತ್ತದೆ. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು ‘ಎಲ್ಲಿ’ ಅನ್ನುವುದು.

ಚಪ್ಪಲಿ ಬಾಗಿಲ ಹೊರಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಚಪ್ಪಲಿ ದೇವರ ಮನೆಯಲ್ಲಿ ಕಂಡರೆ ಮನೆಮಂದಿಯೆಲ್ಲ ಓಡಿ ಬರುತ್ತಾರೆ. ಚಪ್ಪಲಿ ಯಾರದು ಅನ್ನುವ ಪ್ರಶ್ನೆ ಆಮೇಲಿನದು. ಡಿಎನ್‌ಎ, ಆರ್‌ಎನ್‌ಎ ವಿಷಯದಲ್ಲಿ ನಮ್ಮ ಕೋಶಗಳು ನಡೆದುಕೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ.

ಮೊದಲ ಸುಳಿವು: 1957

ಕೋಶದಿಂದ ಏನೋ ಒಂದು ಎಚ್ಚರಿಕೆ ಹೊರಡುತ್ತದೆ ಅನ್ನುವುದು ಮೊದಲು ತಿಳಿದದ್ದು 1957ರಲ್ಲಿ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ಸಂಶೋಧನಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಒಳಪೊರೆಯ ಚೂರುಗಳಿಗೆ ಬಿಸಿ ಮಾಡಿ ಸಾಯಿಸಿದ ಫ್ಲೂ ವೈರಸ್ ಹಾಕಿದರು. ಆಮೇಲೆ ಆ ದ್ರವವನ್ನು ಮಾತ್ರ ತೆಗೆದು ಹೊಸ ಚೂರುಗಳ ಮೇಲೆ ಹಾಕಿದರು. ಈ ಹೊಸ ಚೂರುಗಳಲ್ಲಿ ಜೀವಂತ ವೈರಸ್ ಕೂಡ ಸರಿಯಾಗಿ ಬೆಳೆಯಲಿಲ್ಲ. ಮೊದಲ ಚೂರುಗಳ ಕೋಶಗಳು ಏನನ್ನೋ ಹೊರಗೆ ಬಿಟ್ಟಿದ್ದವು. ಅದಕ್ಕೆ ಅವರು ಇಂಟರ್‌ಫೆರಾನ್ ಅಂತ ಹೆಸರಿಟ್ಟರು. (ಅದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆಯ ವೈರಸ್ ಜಗತ್ತಿಗೆ ಗೊತ್ತಾಯಿತು. ಆ ವೈರಸ್ ಡೆಂಗಿಯ ಮನೆತನದ್ದೇ.)

ಇಂಟರ್‌ಫೆರಾನ್ ಸಿಕ್ಕಿತು, ಆದರೆ ಕೋಶ ವೈರಸ್ ಅನ್ನು ಪತ್ತೆ ಹಚ್ಚಿದ್ದು ಹೇಗೆ ಅನ್ನುವುದು ಇನ್ನೂ ನಾಲ್ಕು ದಶಕ ಕತ್ತಲಲ್ಲೇ ಇತ್ತು. 1989ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಒಂದು ಊಹೆ ಮುಂದಿಟ್ಟರು. ರೋಗಾಣುಗಳಲ್ಲಿ ಸಾಮಾನ್ಯವಾಗಿದ್ದು ನಮ್ಮಲ್ಲಿ ಇಲ್ಲದ ಕೆಲವು ಲಕ್ಷಣಗಳಿರಬೇಕು, ಅವನ್ನು ಹಿಡಿಯುವ ಗ್ರಾಹಕಗಳು ನಮ್ಮಲ್ಲಿ ಹುಟ್ಟಿನಿಂದಲೇ ಇರಬೇಕು ಅಂತ. ಕೈಯಲ್ಲಿ ಪುರಾವೆ ಹೆಚ್ಚೇನೂ ಇರಲಿಲ್ಲ. 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಹಣ್ಣುನೊಣದಲ್ಲಿ ಟೋಲ್ ಎಂಬ ಪ್ರೋಟೀನು ಶಿಲೀಂಧ್ರದ ಸೋಂಕಿನಿಂದ ಕಾಪಾಡುತ್ತದೆ ಅಂತ ತೋರಿಸಿತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಇಲಿಯಲ್ಲಿ ಅದರ ದಾಯಾದಿಯನ್ನು ಹಿಡಿದು, ಅದು ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತುವನ್ನು ಗುರುತಿಸುತ್ತದೆ ಅಂತ ಕಂಡುಕೊಂಡಿತು. ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಜೇನ್‌ವೇ ಅಷ್ಟರಲ್ಲಿ ತೀರಿಹೋಗಿದ್ದರು.

ಮನುಷ್ಯರಲ್ಲಿ ಟೋಲ್ ಮಾದರಿಯ ಗ್ರಾಹಕಗಳು 10. ಚಿಕ್ಕದಾಗಿ ಟಿಎಲ್‌ಆರ್ ಅನ್ನುತ್ತಾರೆ. ಅವುಗಳಲ್ಲಿ 3, 7, 8 ಮತ್ತು 9ನೆಯವು ನಮ್ಮ ಈ ಕಥೆಗೆ ಸೇರಿದವು. ಡಿಎನ್‌ಎ, ಆರ್‌ಎನ್‌ಎಗಳನ್ನು ಹಿಡಿಯುವವು ಇವೇ.

ಒಳಗೆ ಬರುವ ದಾರಿಯಲ್ಲಿ

ಡೆಂಗಿ ವೈರಸ್ ಕೋಶದ ಪೊರೆ ಒಡೆದು ನುಗ್ಗುವುದಿಲ್ಲ. ಕೋಶವೇ ಅದನ್ನು ಒಂದು ಪುಟ್ಟ ಚೀಲದಲ್ಲಿ ಸುತ್ತಿಕೊಂಡು ಒಳಗೆಳೆದುಕೊಳ್ಳುತ್ತದೆ. ಈ ಚೀಲಕ್ಕೆ ಎಂಡೋಸೋಮ್ ಅಂತ ಹೆಸರು. ಒಳಗೆ ಹೋಗುತ್ತಾ ಹೋಗುತ್ತಾ ಚೀಲ ಆಮ್ಲೀಯವಾಗುತ್ತದೆ, ಒಳಗಿರುವುದನ್ನು ಕಿಣ್ವಗಳು ಕತ್ತರಿಸತೊಡಗುತ್ತವೆ. ವೈರಸ್ ಸಿಪ್ಪೆ ಬಿಚ್ಚಿಕೊಂಡಾಗ ಅದರ ಆರ್‌ಎನ್‌ಎ ಬೆತ್ತಲಾಗುತ್ತದೆ. ಟಿಎಲ್‌ಆರ್‌7 ಮತ್ತು 8 ಅಂಥ ಒಂಟಿ ಎಳೆಯ ಆರ್‌ಎನ್‌ಎ ಹಿಡಿಯುತ್ತವೆ. ಟಿಎಲ್‌ಆರ್‌3 ಎರಡು ಎಳೆ ಹೆಣೆದುಕೊಂಡ ಆರ್‌ಎನ್‌ಎ ಹಿಡಿಯುತ್ತದೆ. ಟಿಎಲ್‌ಆರ್‌9ರ ಪಾಲಿಗೆ ಬಂದದ್ದು ಡಿಎನ್‌ಎ.

ಆರೋಗ್ಯವಾಗಿರುವ ನಮ್ಮ ಸ್ವಂತ ಆರ್‌ಎನ್‌ಎಗೆ ಎಂಡೋಸೋಮಿನೊಳಗೆ ಏನೂ ಕೆಲಸವಿಲ್ಲ. ಹೊರಗಡೆ ರಕ್ತದಲ್ಲಿ ಸತ್ತ ಕೋಶಗಳ ಚೂರುಪಾರು ತೇಲುತ್ತಿದ್ದರೂ ಅಲ್ಲಿರುವ ಕಿಣ್ವಗಳು ಅದನ್ನು ಪುಡಿ ಮಾಡುತ್ತಿರುತ್ತವೆ. ಹಾಗಾಗಿ ಈ ಚೀಲದಲ್ಲಿ ಗಟ್ಟಿಮುಟ್ಟಾದ ಎಳೆ ಸಿಕ್ಕಿದರೆ ಅದು ಏನೋ ಒಂದು ಕವಚದೊಳಗೆ ಭದ್ರವಾಗಿ ಬಂದದ್ದೇ ಇರಬೇಕು.

ಟಿಎಲ್‌ಆರ್‌9 ಇನ್ನೂ ಒಂದು ಗುರುತು ನೋಡುತ್ತದೆ. ಸಿ ಅಕ್ಷರದ ಮುಂದೆ ಜಿ ಬರುವ ಜೋಡಿ ನಮ್ಮ ಡಿಎನ್‌ಎಯಲ್ಲಿ ಕಡಿಮೆ, ಇದ್ದ ಕಡೆಯೂ ಬಹುಪಾಲು ಸಿ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಇರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಈ ಜೋಡಿ ಜಾಸ್ತಿ, ಗುರುತು ಇರುವುದಿಲ್ಲ. ಈ ಬರಿಯ ಜೋಡಿ, ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಕೆರಳಿಸುತ್ತದೆ ಅಂತ ಆರ್ಥರ್ ಕ್ರೀಗ್ 1995ರಲ್ಲಿ ತೋರಿಸಿದರು. ಅದನ್ನು ಹಿಡಿಯುವುದು ಟಿಎಲ್‌ಆರ್‌9 ಅಂತ ಜಪಾನಿನ ಶಿಝುವೊ ಅಕಿರಾ ತಂಡ 2000ರಲ್ಲಿ ಪತ್ತೆ ಮಾಡಿತು.

ಆದರೆ ಈ ಗುರುತಿನ ಮೇಲೆ ಮಾತ್ರ ಭಾರ ಹಾಕುವುದು ಅಪಾಯ. ನಮ್ಮ ಡಿಎನ್‌ಎಯಲ್ಲೂ ಗುರುತಿಲ್ಲದ ಜೋಡಿಗಳು ಅಷ್ಟಿಷ್ಟು ಇದ್ದೇ ಇವೆ. ಅದಕ್ಕೇ ಟಿಎಲ್‌ಆರ್‌9 ಎಂಡೋಸೋಮ್ ತಲುಪಿ, ಅಲ್ಲಿನ ಕಿಣ್ವಗಳಿಂದ ಕತ್ತರಿಸಿಕೊಂಡ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಸಂಶೋಧಕರು ಬೇಕೆಂದೇ ಇದನ್ನು ಕೋಶದ ಹೊರಮೈ ಮೇಲೆ ಬರುವಂತೆ ಮಾಡಿ ನೋಡಿದ್ದಾರೆ. ಆಗ ಅದು ನಮ್ಮದೇ ಡಿಎನ್‌ಎ ಕಂಡು ಕೆರಳಿತು. ಗ್ರಾಹಕ ಅದೇ, ಡಿಎನ್‌ಎ ಅದೇ. ಜಾಗ ಬದಲಾಗಿದ್ದಕ್ಕೆ ಫಲಿತಾಂಶ ತಲೆಕೆಳಗಾಯಿತು. ಜಾಗದ ಮಹತ್ವಕ್ಕೆ ಇದಕ್ಕಿಂತ ಚೊಕ್ಕವಾದ ಪ್ರಯೋಗ ನನಗೆ ಗೊತ್ತಿಲ್ಲ.

ಕೋಶರಸದೊಳಗೆ: ತುದಿಯ ಪರೀಕ್ಷೆ

ಎಂಡೋಸೋಮಿನಿಂದ ಜಾರಿದ ಡೆಂಗಿಯ ಎಳೆ ಕೋಶವನ್ನು ತುಂಬಿರುವ ದ್ರವಕ್ಕೆ, ಅಂದರೆ ಕೋಶರಸಕ್ಕೆ ಇಳಿಯುತ್ತದೆ. ಇಲ್ಲಿ ಜಾಗದ ಸುಳಿವು ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ನಮ್ಮ ಆರ್‌ಎನ್‌ಎ ಇರುವುದೂ ಇಲ್ಲೇ. ಈಗ ತುದಿ ನೋಡಬೇಕು.

ಆರ್‌ಎನ್‌ಎ ಎಳೆ ಹೊಸದಾಗಿ ಶುರುವಾದಾಗ ಸಾಮಾನ್ಯವಾಗಿ ಅದರ ಮೊದಲ ಅಕ್ಷರದ ಮೇಲೆ ಮೂರು ಫಾಸ್ಫೇಟ್‌ಗಳ ಬಾಲ ಇರುತ್ತದೆ. ನಮ್ಮ ಕೋಶದಲ್ಲಿ ಆರ್‌ಎನ್‌ಎ ಹುಟ್ಟುವುದು ಕೋಶಕೇಂದ್ರದಲ್ಲಿ. ಅಲ್ಲಿಂದ ಹೊರಡುವ ಮೊದಲೇ ಆ ತುದಿಯ ಮೇಲೆ ಟೋಪಿಯಂಥ ರಚನೆ ಕೂರುತ್ತದೆ, ಇಲ್ಲವೇ ಫಾಸ್ಫೇಟ್‌ಗಳನ್ನು ಕತ್ತರಿಸಲಾಗುತ್ತದೆ. ಮೂರು ಫಾಸ್ಫೇಟ್ ಹೊತ್ತ ಬೋಳು ತುದಿ, ಅದರ ಜೊತೆ ಜೋಡಿ ಎಳೆ, ಇವೆರಡೂ ಸೇರಿದ ಆರ್‌ಎನ್‌ಎ ಕೋಶರಸದಲ್ಲಿ ಕಂಡರೆ ಅದು ಕೋಶಕೇಂದ್ರದ ದಾರಿಯಿಂದ ಬಂದದ್ದಲ್ಲ. ಬಹುಮಟ್ಟಿಗೆ ಅದು ವೈರಸ್‌ನದೇ.

ಈ ತುದಿಯನ್ನು ಮುಟ್ಟಿ ನೋಡುವ ಪ್ರೋಟೀನು ರಿಗ್-ಐ. ಜಪಾನಿನ ತಕಾಶಿ ಫುಜಿಟಾ ತಂಡ ಇದರ ಕೆಲಸವನ್ನು 2004ರಲ್ಲಿ ವಿವರಿಸಿತು. ಅದು ಹುಡುಕುವುದು ಮೂರು ಫಾಸ್ಫೇಟ್‌ಗಳ ತುದಿಯನ್ನು ಅನ್ನುವುದು 2006ರಲ್ಲಿ ಸ್ಪಷ್ಟವಾಯಿತು. ಸುಮ್ಮನಿದ್ದಾಗ ರಿಗ್-ಐ ಮಡಚಿಕೊಂಡಿರುತ್ತದೆ. ತಕ್ಕ ತುದಿ ಸಿಕ್ಕಾಗ ಬಿಚ್ಚಿಕೊಳ್ಳುತ್ತದೆ. ಇದರ ಸೋದರ ಪ್ರೋಟೀನು ಎಂಡಿಎ5. ಇದು ತುದಿ ನೋಡುವುದಿಲ್ಲ, ಉದ್ದ ನೋಡುತ್ತದೆ. ಉದ್ದುದ್ದ ಜೋಡಿ ಎಳೆಯ ಆರ್‌ಎನ್‌ಎ ಮೇಲೆ ಎಂಡಿಎ5 ಸಾಲಾಗಿ ಅಂಟಿಕೊಂಡು ದಾರದಂತೆ ಬೆಳೆಯುತ್ತದೆ.

ಜೋಡಿ ಎಳೆ ಯಾಕೆ ಅಷ್ಟು ಮುಖ್ಯ? ಆರ್‌ಎನ್‌ಎ ವೈರಸ್ ತನ್ನ ಪ್ರತಿ ಮಾಡಿಕೊಳ್ಳಬೇಕಾದರೆ ಒಂದು ಎಳೆಯ ಮೇಲೆ ಅದರ ಎದುರು ಎಳೆಯನ್ನು ಕಟ್ಟಲೇಬೇಕು. ಆ ಹೊತ್ತಿನಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ವೈರಸ್ ವೇಷ ಎಷ್ಟೇ ಹಾಕಲಿ, ಪ್ರತಿ ಮಾಡಿಕೊಳ್ಳುವ ಈ ಹಂತವನ್ನು ಬಿಟ್ಟು ಬದುಕಲಾರದು. ವಿಕಾಸ ಆರಿಸಿಕೊಂಡಿರುವುದು ವೈರಸ್‌ಗೆ ಬದಲಾಯಿಸಿಕೊಳ್ಳಲು ತೀರ ಕಷ್ಟವಾದ ಗುರುತುಗಳನ್ನೇ.

ಇಲ್ಲೂ ಒಂದು ತೊಡಕಿದೆ. ನಮ್ಮ ಡಿಎನ್‌ಎಯಲ್ಲಿ ‘ಆಲು’ ಎಂಬ ಪುನರಾವರ್ತನೆಗಳು 10 ಲಕ್ಷಕ್ಕೂ ಮೀರಿ ಇವೆ. ಎದುರುಬದುರಾಗಿ ಕೂತ ಎರಡು ಆಲುಗಳಿಂದ ಬಂದ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿ ಎಳೆಯಾಗಿಬಿಡುತ್ತದೆ. ಎಂಡಿಎ5ಗೆ ಅದೂ ವೈರಸ್‌ನಂತೆಯೇ ಕಾಣುತ್ತದೆ. ಅದಕ್ಕೆ ಏಡಾರ್1 ಎಂಬ ಕಿಣ್ವ ನಮ್ಮ ಇಂಥ ಎಳೆಗಳಲ್ಲಿ ಅಲ್ಲಲ್ಲಿ ಎ ಅಕ್ಷರವನ್ನು ಬದಲಿಸಿ ಹೆಣಿಗೆಯನ್ನು ಸಡಿಲ ಮಾಡುತ್ತದೆ. ಇದು ಕೆಲಸ ಮಾಡದಿದ್ದರೆ ದೇಹ ತನ್ನದೇ ಆರ್‌ಎನ್‌ಎ ಕಂಡು ಹೊಡೆದಾಡುತ್ತದೆ.

ಸಿ-ಗ್ಯಾಸ್ ಮತ್ತು ಸ್ಟಿಂಗ್

ಹರ್ಪಿಸ್‌ನಂಥ ವೈರಸ್‌ಗಳಲ್ಲಿ ಇರುವುದು ಡಿಎನ್‌ಎ. ಅದನ್ನು ಕೋಶರಸದಲ್ಲಿ ಹಿಡಿಯುವುದು ಯಾರು ಅನ್ನುವುದು ಬಹಳ ವರ್ಷ ಒಗಟಾಗಿತ್ತು. 2008ರಲ್ಲಿ ಗ್ಲೆನ್ ಬಾರ್ಬರ್ ತಂಡ ಸ್ಟಿಂಗ್ ಎಂಬ ಪ್ರೋಟೀನನ್ನು ಗುರುತಿಸಿತು. ಸ್ಟಿಂಗ್ ಇಲ್ಲದಿದ್ದರೆ ಡಿಎನ್‌ಎ ಕಂಡರೂ ಕೋಶ ಇಂಟರ್‌ಫೆರಾನ್ ಮಾಡುತ್ತಿರಲಿಲ್ಲ. ಆದರೆ ಡಿಎನ್‌ಎ ಮೊದಲು ಹೋಗಿ ಮುಟ್ಟುವುದು ಯಾರನ್ನು? ಡಲ್ಲಾಸ್‌ನಲ್ಲಿರುವ ಝಿಜಿಯಾನ್ ಚೆನ್ ತಂಡ 2013ರಲ್ಲಿ ಉತ್ತರ ಕಂಡುಹಿಡಿಯಿತು. ಆ ಪ್ರೋಟೀನು ಸಿ-ಗ್ಯಾಸ್.

ಸಿ-ಗ್ಯಾಸ್ ಒಂದು ಕಿಣ್ವ. ಜೋಡಿ ಎಳೆಯ ಡಿಎನ್‌ಎ ತಾಗಿದರೆ ಅದು ಎಚ್ಚರಗೊಂಡು, ಕೋಶದಲ್ಲಿ ಹೇಗೂ ಇರುವ ಎಟಿಪಿ ಮತ್ತು ಜಿಟಿಪಿ ಎಂಬ ಪುಟ್ಟ ಅಣುಗಳನ್ನು ಜೋಡಿಸಿ ಸಿಜಿಎಎಂಪಿ ಎಂಬ ಉಂಗುರದಾಕಾರದ ಚಿಕ್ಕ ಅಣುವನ್ನು ಮಾಡುತ್ತದೆ. ಈ ಅಣು ಹೋಗಿ ಸ್ಟಿಂಗ್‌ಗೆ ಅಂಟಿಕೊಳ್ಳುತ್ತದೆ. ಅಷ್ಟೇ ಆಗಿದ್ದರೆ ಇದು ಇನ್ನೊಂದು ಗ್ರಾಹಕ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಸಿಜಿಎಎಂಪಿ ಪಕ್ಕದ ಕೋಶಕ್ಕೂ ಇರುವ ಸಣ್ಣ ಸುರಂಗಗಳ ಮೂಲಕ ದಾಟಿ ಹೋಗುತ್ತದೆ. ವೈರಸ್ ಇನ್ನೂ ಮುಟ್ಟಿರದ ಕೋಶದಲ್ಲೂ ಸ್ಟಿಂಗ್ ಎದ್ದು ಕೂರುತ್ತದೆ.

ಸಿ-ಗ್ಯಾಸ್ ಅಕ್ಷರಗಳ ಕ್ರಮವನ್ನು ಸ್ವಲ್ಪವೂ ಲೆಕ್ಕಿಸುವುದಿಲ್ಲ. ನಿಮ್ಮ ಡಿಎನ್‌ಎ, ವೈರಸ್‌ನ ಡಿಎನ್‌ಎ, ಪ್ರಯೋಗಶಾಲೆಯಲ್ಲಿ ಮಾಡಿದ ಅರ್ಥವಿಲ್ಲದ ಡಿಎನ್‌ಎ, ಅದಕ್ಕೆ ಎಲ್ಲ ಒಂದೇ. ಸಾಕಷ್ಟು ಉದ್ದವಿದ್ದರಾಯಿತು. ಹಾಗಾದರೆ ನಮ್ಮ ಪ್ರತಿ ಕೋಶದಲ್ಲೂ ಹಿಗ್ಗಿಸಿದರೆ ಎರಡು ಮೀಟರ್ ಆಗುವಷ್ಟು ಡಿಎನ್‌ಎ ಇದೆಯಲ್ಲ, ಅದನ್ನು ಕಂಡು ಯಾಕೆ ಕೆರಳುವುದಿಲ್ಲ?

ಅದು ಕೋಶಕೇಂದ್ರದ ಒಳಗಿದೆ, ಸಿ-ಗ್ಯಾಸ್ ಹೊರಗಿದೆ, ಆದ್ದರಿಂದ ಎದುರಾಗುವುದಿಲ್ಲ ಅಂತ ಮೊದಮೊದಲು ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಸಿ-ಗ್ಯಾಸ್ ಕೋಶಕೇಂದ್ರದ ಒಳಗೂ ಸಾಕಷ್ಟಿತ್ತು! 2020ರಲ್ಲಿ ಹಲವು ತಂಡಗಳು ಇದರ ಗುಟ್ಟು ಬಿಡಿಸಿದವು. ನಮ್ಮ ಡಿಎನ್‌ಎ ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಆ ಸುರುಳಿಯ ಮೇಲಿನ ಒಂದು ನಿರ್ದಿಷ್ಟ ಜಾಗಕ್ಕೆ ಸಿ-ಗ್ಯಾಸ್ ಗಟ್ಟಿಯಾಗಿ ಅಂಟಿಕೊಂಡುಬಿಡುತ್ತದೆ. ಅಂಟಿಕೊಂಡಾಗ ಡಿಎನ್‌ಎ ಹಿಡಿಯುವ ಅದರ ಭಾಗಗಳು ಮುಚ್ಚಿಹೋಗುತ್ತವೆ. ಹೊರಗಡೆ ಕೋಶರಸಕ್ಕೆ ಜಾರಿದ ನಮ್ಮ ಡಿಎನ್‌ಎ ಚೂರುಗಳನ್ನು ಟ್ರೆಕ್ಸ್1 ಎಂಬ ಕಿಣ್ವ ಕತ್ತರಿಸಿ ಹಾಕುತ್ತಿರುತ್ತದೆ.

ಈ ವ್ಯವಸ್ಥೆ ತುಂಬಾ ಹಳೆಯದು. ಬ್ಯಾಕ್ಟೀರಿಯಾಗಳಿಗೂ ವೈರಸ್ ತಗಲುತ್ತದೆ, ಅವನ್ನು ಫೇಜ್ ಅನ್ನುತ್ತಾರೆ. ಫೇಜ್ ನುಗ್ಗಿದಾಗ ಸಿ-ಗ್ಯಾಸ್‌ನ ದೂರದ ನೆಂಟನಂಥ ಕಿಣ್ವ ಉಂಗುರದ ಅಣು ಮಾಡುತ್ತದೆ, ಆ ಅಣು ಎಬ್ಬಿಸಿದ ಪ್ರೋಟೀನು ಬ್ಯಾಕ್ಟೀರಿಯಾವನ್ನೇ ಸಾಯಿಸುತ್ತದೆ. ತಾನು ಸತ್ತರೂ ಸುತ್ತಲಿನವು ಉಳಿಯುತ್ತವೆ. 2019ರಲ್ಲಿ ಇದು ಸ್ಪಷ್ಟವಾದಾಗ, ನಮ್ಮ ಜ್ವರದ ಮೂಲ ಎಷ್ಟು ಹಿಂದಕ್ಕೆ ಹೋಗುತ್ತದೆ ಅಂತ ಯೋಚಿಸಿ ನನಗೆ ಮೈ ಜುಮ್ಮೆಂದಿತ್ತು.

ಸುದ್ದಿ ಹಬ್ಬುವ ರೀತಿ

ಸುಳಿವು ಹಿಡಿಯುವವರು ಬೇರೆಬೇರೆ, ಮುಂದಿನ ದಾರಿ ಬೇಗ ಒಂದಾಗುತ್ತದೆ. ರಿಗ್-ಐ ಮತ್ತು ಎಂಡಿಎ5 ಎರಡೂ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಹೊರಪೊರೆಯ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತವೆ. ಸಿ-ಗ್ಯಾಸ್ ಸ್ಟಿಂಗ್‌ಗೆ ಮುಟ್ಟಿಸುತ್ತದೆ. ಎರಡೂ ಕಡೆಯಿಂದ ಟಿಬಿಕೆ1 ಎಂಬ ಕಿಣ್ವ ಚುರುಕಾಗಿ, ಐಆರ್‌ಎಫ್3 ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ, ಇಂಟರ್‌ಫೆರಾನ್ ಜೀನ್ ತೆರೆಯುತ್ತದೆ.

ಹೊರಬಿದ್ದ ಇಂಟರ್‌ಫೆರಾನ್ ಅಕ್ಕಪಕ್ಕದ ಕೋಶಗಳ ಗ್ರಾಹಕಗಳಿಗೆ ತಗಲುತ್ತದೆ. ಅಲ್ಲಿ ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಪ್ರೋಟೀನ್‌ಗಳ ಮೂಲಕ ನೂರಾರು ಜೀನ್‌ಗಳು ಒಟ್ಟಿಗೆ ಏಳುತ್ತವೆ. ಒಂದು ಪ್ರೋಟೀನು ಕೋಶದ ಪ್ರೋಟೀನ್ ತಯಾರಿಕೆಯನ್ನೇ ತಡೆಹಿಡಿಯುತ್ತದೆ, ಅದರ ಹೆಸರು ಪಿಕೆಆರ್. ಇನ್ನೊಂದು ಗುಂಪು ಆರ್‌ಎನ್‌ಎ ಕಂಡಲ್ಲಿ ಕತ್ತರಿಸುವ ಕಿಣ್ವವನ್ನು ಎಬ್ಬಿಸುತ್ತದೆ, ನಮ್ಮದು, ವೈರಸ್‌ನದು ಅಂತ ಹೆಚ್ಚು ಭೇದ ಮಾಡದೆ. ಕೋಶ ತನಗೂ ನಷ್ಟ ಮಾಡಿಕೊಂಡು ವೈರಸ್‌ಗೆ ಬದುಕು ದುಸ್ತರ ಮಾಡುತ್ತದೆ.

ಡೆಂಗಿಯಲ್ಲಿ ಮೊದಲ ಒಂದೆರಡು ದಿನ ಮೈಕೈ ನುಗ್ಗಾಗಿ ಹೋಗುತ್ತದಲ್ಲ, ಸುಸ್ತು, ಜ್ವರ, ಊಟ ಬೇಡವಾಗುವುದು? ಅದರಲ್ಲಿ ದೊಡ್ಡ ಪಾಲು ಈ ಇಂಟರ್‌ಫೆರಾನ್ ಮತ್ತು ಅದರ ಜೊತೆ ಹೊರಡುವ ಇತರ ಸಂದೇಶದ ಅಣುಗಳದ್ದು. ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನನ್ನೇ ಔಷಧವಾಗಿ ಚುಚ್ಚುತ್ತಿದ್ದರು. ಚುಚ್ಚಿದ ಕೆಲವೇ ಗಂಟೆಗಳಲ್ಲಿ ಅವರಿಗೆ ಫ್ಲೂ ಬಂದಂತೆಯೇ ಚಳಿಜ್ವರ, ಮೈನೋವು ಬರುತ್ತಿತ್ತು.

ಡೆಂಗಿಯ ಎದುರಾಟ

ಇಷ್ಟೆಲ್ಲ ಕಾವಲಿದ್ದೂ ಡೆಂಗಿ ಗೆಲ್ಲುವುದು ಹೇಗೆ? ಕರ್ನಾಟಕದಲ್ಲಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸರ್ಕಾರವೇ ಘೋಷಿಸಬೇಕಾಯಿತು. ಆ ವೈರಸ್‌ಗೆ ಇರುವುದು ಒಟ್ಟು ಹತ್ತೇ ಪ್ರೋಟೀನು. ಅವುಗಳಲ್ಲಿ ಎಷ್ಟೊಂದು ಇಂಟರ್‌ಫೆರಾನ್ ವಿರುದ್ಧವೇ ಕೆಲಸ ಮಾಡುತ್ತವೆ ಅಂತ ನೋಡಿದರೆ, ಈ ಕಾವಲು ವೈರಸ್‌ಗೆ ಎಷ್ಟು ಭಯಂಕರ ಅನ್ನುವುದು ತಿಳಿಯುತ್ತದೆ.

ಮೊದಲನೆಯದಾಗಿ ಅದು ಅಡಗುತ್ತದೆ. ಕೋಶದೊಳಗಿನ ಪೊರೆಗಳನ್ನು ಮಡಚಿ ಪುಟ್ಟ ಗೂಡುಗಳನ್ನು ಮಾಡಿ, ಆ ಜೋಡಿ ಎಳೆಯ ಹಂತವನ್ನು ಗೂಡಿನೊಳಗೇ ಮುಗಿಸುತ್ತದೆ. ಹೊರಗೆ ಬರುವ ಎಳೆಗೆ ನಮ್ಮ ಆರ್‌ಎನ್‌ಎಯಂಥದ್ದೇ ಟೋಪಿ ಇರುತ್ತದೆ. ಆ ಟೋಪಿಗೆ ಬೇಕಾದ ಮೀಥೈಲ್ ಗುರುತು ಹಾಕುವುದು ಎನ್ಎಸ್5 ಎಂಬ ಪ್ರೋಟೀನಿನ ಒಂದು ತುದಿ. ಅದೇ ಪ್ರೋಟೀನಿನ ಇನ್ನೊಂದು ತುದಿ ಆರ್‌ಎನ್‌ಎ ಪ್ರತಿ ಮಾಡುತ್ತದೆ. ಇದೂ ಸಾಲದು ಅಂತ ಎನ್ಎಸ್5 ನಮ್ಮ ಸ್ಟ್ಯಾಟ್2ಗೆ ಅಂಟಿಕೊಂಡು ಅದನ್ನು ನಾಶಕ್ಕೆ ಕಳಿಸುತ್ತದೆ. ಸ್ಟ್ಯಾಟ್2 ಇಲ್ಲದ ಕೋಶಕ್ಕೆ ಪಕ್ಕದ ಕೋಶದ ಇಂಟರ್‌ಫೆರಾನ್ ತಗಲಿದರೂ ಆ ನೂರಾರು ಜೀನ್‌ಗಳು ಸರಿಯಾಗಿ ಏಳುವುದಿಲ್ಲ. 10,700 ಅಕ್ಷರದಲ್ಲಿ ಬದುಕಬೇಕಾದ ವೈರಸ್ ಒಂದೇ ಪ್ರೋಟೀನಿಗೆ ಮೂರು ಕೆಲಸ ಕೊಟ್ಟಿದೆ.

ಡೆಂಗಿಯಲ್ಲಿ ಡಿಎನ್‌ಎಯೇ ಇಲ್ಲ. ಆದರೂ ಅದು ಸಿ-ಗ್ಯಾಸ್ ಮತ್ತು ಸ್ಟಿಂಗ್ ಎರಡನ್ನೂ ಹೊಡೆಯುತ್ತದೆ. ಇದು ಮೊದಲು ಓದಿದಾಗ ನನಗೆ ಅರ್ಥವೇ ಆಗಿರಲಿಲ್ಲ. ಕಾರಣ ಮೈಟೋಕಾಂಡ್ರಿಯ. ಮೈಟೋಕಾಂಡ್ರಿಯಕ್ಕೆ ತನ್ನದೇ ಆದ 16,569 ಅಕ್ಷರದ ಡಿಎನ್‌ಎ ಇದೆ. ಸೋಂಕಿನಿಂದ ಮೈಟೋಕಾಂಡ್ರಿಯಕ್ಕೆ ಪೆಟ್ಟು ಬಿದ್ದಾಗ ಆ ಡಿಎನ್‌ಎ ಕೋಶರಸಕ್ಕೆ ಸೋರುತ್ತದೆ, ಸಿ-ಗ್ಯಾಸ್ ಅದನ್ನು ಹಿಡಿಯುತ್ತದೆ. ನಮ್ಮದೇ ಡಿಎನ್‌ಎ, ಇರಬಾರದ ಜಾಗದಲ್ಲಿ ಇದ್ದುದಕ್ಕೆ ವೈರಸ್‌ನ ಸುಳಿವು ಕೊಟ್ಟಂತಾಯಿತು. ಅದಕ್ಕೇ ಡೆಂಗಿಯ ಎನ್ಎಸ್2ಬಿ ಪ್ರೋಟೀನು ಸಿ-ಗ್ಯಾಸನ್ನು ನಾಶ ಮಾಡಿಸುತ್ತದೆ, ಎನ್ಎಸ್2ಬಿ3 ಕಿಣ್ವ ಸ್ಟಿಂಗನ್ನು ಕತ್ತರಿಸುತ್ತದೆ.

ಈ ಕತ್ತರಿ ಮನುಷ್ಯರ ಸ್ಟಿಂಗ್ ಮೇಲೆ ಆಡುತ್ತದೆ, ಇಲಿಯ ಸ್ಟಿಂಗ್ ಮೇಲೆ ಆಡುವುದಿಲ್ಲ. ಎನ್ಎಸ್5 ಕೂಡ ಇಲಿಯ ಸ್ಟ್ಯಾಟ್2ನ್ನು ನಾಶ ಮಾಡಲಾರದು. ಸಾಮಾನ್ಯ ಇಲಿಗೆ ಡೆಂಗಿ ಅಷ್ಟು ಸುಲಭವಾಗಿ ಬರದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಡೆಂಗಿ ಔಷಧ ಪರೀಕ್ಷಿಸುವ ಪ್ರಯೋಗಶಾಲೆಗಳು ಇಂಟರ್‌ಫೆರಾನ್ ಗ್ರಾಹಕಗಳೇ ಇಲ್ಲದ ವಿಶೇಷ ಇಲಿಗಳನ್ನು ಸಾಕಬೇಕಾಗಿ ಬಂದದ್ದು ಇದಕ್ಕೇ.

ಕಾವಲು ತಪ್ಪಿದಾಗ

‘ಇಮ್ಯುನಿಟಿ ಜಾಸ್ತಿ ಆಗಬೇಕು’ ಅನ್ನುವ ಮಾತು ಕೊರೊನಾ ಬಂದ ಮೇಲೆ ಮನೆಮನೆಯಲ್ಲೂ ಕೇಳುತ್ತಿದೆ. ಜಾಸ್ತಿ ಆದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

1984ರಲ್ಲಿ ಫ್ರಾನ್ಸಿನ ಜೀನ್ ಐಕಾರ್ಡಿ ಮತ್ತು ಫ್ರಾಂಸ್ವಾಸ್ ಗುಟಿಯೇರ್ ಎಂಬ ವೈದ್ಯರು ಎಂಟು ಮಕ್ಕಳ ಕಾಯಿಲೆಯನ್ನು ವಿವರಿಸಿದರು. ಗರ್ಭದಲ್ಲೇ ವೈರಸ್ ತಗಲಿದಂತೆ ಮಕ್ಕಳ ಮಿದುಳು ಹಾಳಾಗಿತ್ತು. ಆದರೆ ಯಾವ ವೈರಸ್ಸೂ ಸಿಗಲಿಲ್ಲ. ಆಮೇಲೆ ಇಂಥ ಮಕ್ಕಳ ಮಿದುಳುಬಳ್ಳಿಯ ದ್ರವದಲ್ಲಿ ಇಂಟರ್‌ಫೆರಾನ್ ಹೇರಳವಾಗಿ ಕಂಡಿತು. 2006ರಲ್ಲಿ ಯಾನಿಕ್ ಕ್ರೋ ತಂಡ ಕೆಲವು ಮಕ್ಕಳಲ್ಲಿ ಟ್ರೆಕ್ಸ್1 ಜೀನ್ ಕೆಟ್ಟಿದೆ ಅಂತ ಪತ್ತೆ ಮಾಡಿತು. ಕೋಶರಸದ ಡಿಎನ್‌ಎ ಚೂರುಗಳನ್ನು ಗುಡಿಸುವ ಅದೇ ಕಿಣ್ವ. ಇನ್ನು ಕೆಲವು ಮಕ್ಕಳಲ್ಲಿ ಏಡಾರ್1 ಕೆಟ್ಟಿರುತ್ತದೆ. ಇಲ್ಲದ ವೈರಸ್ ವಿರುದ್ಧ ದೇಹ ಹುಟ್ಟಿದಾಗಿನಿಂದ ಹೋರಾಡುತ್ತಿರುತ್ತದೆ. ಇದು ತಿಳಿದದ್ದರಿಂದ ಚಿಕಿತ್ಸೆಗೆ ಒಂದು ದಾರಿ ತೆರೆಯಿತು. ಇಂಟರ್‌ಫೆರಾನ್ ಗ್ರಾಹಕದಿಂದ ಮುಂದೆ ಹೋಗುವ ಸಂದೇಶವನ್ನು ತಡೆಯುವ ಬ್ಯಾರಿಸಿಟಿನಿಬ್‌ನಂಥ ಮಾತ್ರೆಗಳಿಂದ ಕೆಲವು ಮಕ್ಕಳಿಗೆ ಗುಣ ಕಂಡಿದೆ.

ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಲೂಪಸ್ ಕಾಯಿಲೆಯ ಹಿಂದೆಯೂ ಇದೇ ಗ್ರಾಹಕಗಳಿವೆ. ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಟಿಎಲ್‌ಆರ್‌7ರ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಂಗಸರಲ್ಲಿ ಎರಡು ಎಕ್ಸ್ ಇದ್ದು ಒಂದು ಮೌನವಾಗಿರಬೇಕು, ಆದರೆ ಕೆಲವು ಕೋಶಗಳಲ್ಲಿ ಟಿಎಲ್‌ಆರ್‌7 ಎರಡರಿಂದಲೂ ತಯಾರಾಗುತ್ತದೆ. ಟಿಎಲ್‌ಆರ್‌7ರಲ್ಲಿ ಒಂದೇ ಒಂದು ಬದಲಾವಣೆಯಿಂದ ಲೂಪಸ್ ಬಂದ ಪ್ರಕರಣವನ್ನೂ 2022ರಲ್ಲಿ ವಿವರಿಸಿದ್ದಾರೆ. ಲೂಪಸ್ ರೋಗಿಗಳು ದಶಕಗಳಿಂದ ನುಂಗುತ್ತಿರುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಎಂಡೋಸೋಮಿನೊಳಗೆ ಸೇರಿ ಟಿಎಲ್‌ಆರ್‌7 ಮತ್ತು 9ರ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಈ ಗ್ರಾಹಕಗಳ ಹೆಸರೇ ಯಾರಿಗೂ ಗೊತ್ತಿಲ್ಲದ ಕಾಲದಿಂದ ಅದು ಬಳಕೆಯಲ್ಲಿದೆ.

ಕಡಿಮೆಯಾದರೆ? ಪ್ಯಾರಿಸ್ ಮತ್ತು ನ್ಯೂಯಾರ್ಕಿನಲ್ಲಿ ಕೆಲಸ ಮಾಡುವ ಜೀನ್-ಲಾರೆಂಟ್ ಕಸನೋವಾ ತಂಡ 2007ರಲ್ಲಿ, ಟಿಎಲ್‌ಆರ್‌3 ಕೆಟ್ಟ ಮಕ್ಕಳಿಗೆ ಹರ್ಪಿಸ್ ವೈರಸ್ ಮಿದುಳಿಗೆ ಏರಿದ್ದನ್ನು ತೋರಿಸಿತು. ನಮ್ಮಲ್ಲಿ ಬಹಳ ಜನರಿಗೆ ಬಾಯಿ ಹತ್ತಿರ ಸಣ್ಣ ಗುಳ್ಳೆ ಮಾಡಿ ಹೋಗುವ ವೈರಸ್ ಅದು. ಅದೇ ತಂಡ 2020ರಲ್ಲಿ, ಕೊರೊನಾದಿಂದ ಜೀವ ಹೋಗುವ ಸ್ಥಿತಿ ತಲುಪಿದ 987 ಜನರನ್ನು ಪರೀಕ್ಷಿಸಿತು. 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ಸೌಮ್ಯ ಸೋಂಕು ಬಂದ 663 ಜನರಲ್ಲಿ ಒಬ್ಬರಲ್ಲೂ ಇರಲಿಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ನೆಗಡಿಯಷ್ಟೇ ಆಗಿ ಇನ್ನೊಬ್ಬರು ಐಸಿಯು ಸೇರಿದ್ದನ್ನು ಎಷ್ಟೋ ಕುಟುಂಬಗಳು ಕಂಡಿವೆ. ಅದರ ಒಂದು ಭಾಗಕ್ಕಾದರೂ ಇಲ್ಲಿ ವಿವರಣೆ ಸಿಗುತ್ತದೆ.

ತೋಳಿಗೆ ಚುಚ್ಚಿಸಿಕೊಂಡದ್ದು

ಕಟಾಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎಯಿಂದ (ಪ್ರೋಟೀನ್ ಕಟ್ಟುವ ಸೂಚನೆ ಹೊತ್ತ ಆರ್‌ಎನ್‌ಎ) ಲಸಿಕೆ ಮಾಡಲು ಹೊರಟಾಗ ಇದೇ ಕಾವಲು ಅವರಿಗೆ ಅಡ್ಡ ನಿಂತಿತು. ಪ್ರಯೋಗಶಾಲೆಯಲ್ಲಿ ಮಾಡಿದ ಆರ್‌ಎನ್‌ಎ ಹಾಕಿದ ಕೂಡಲೇ ಕೋಶಗಳು ಕೆರಳುತ್ತಿದ್ದವು. ಆದರೆ ನಮ್ಮ ಕೋಶಗಳಿಂದ ತೆಗೆದ ಕೆಲವು ಬಗೆಯ ಆರ್‌ಎನ್‌ಎ ಹಾಕಿದರೆ ಸುಮ್ಮನಿರುತ್ತಿದ್ದವು. ನಮ್ಮ ಆರ್‌ಎನ್‌ಎಯಲ್ಲಿ ಕೆಲವು ಅಕ್ಷರಗಳಿಗೆ ಸಣ್ಣ ರಾಸಾಯನಿಕ ತಿದ್ದುಪಡಿ ಆಗಿರುತ್ತದೆ. ಅವರು ಯು ಅಕ್ಷರದ ಬದಲು ಸೂಡೊಯುರಿಡಿನ್ ಹಾಕಿ ನೋಡಿದರು. ಟಿಎಲ್‌ಆರ್‌ಗಳು ಹೆಚ್ಚು ಗದ್ದಲ ಮಾಡಲಿಲ್ಲ. ಇದು ಪ್ರಕಟವಾದದ್ದು 2005ರಲ್ಲಿ. ಹೆಚ್ಚು ಜನ ಗಮನ ಕೊಡಲಿಲ್ಲ. ಫೈಜರ್ ಮತ್ತು ಮಾಡರ್ನಾ ಕೊರೊನಾ ಲಸಿಕೆಗಳಲ್ಲಿ ಇದೇ ಅಕ್ಷರದ ಇನ್ನೊಂದು ರೂಪ ಇದೆ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಡೆಂಗಿಗೂ ಇಂಥ ತಿಳಿವಳಿಕೆಯಿಂದ ಅರ್ಥವಾಗುವ ಲಸಿಕೆಯೊಂದು ಇದೆ. ವೈರಸ್‌ನ ಎಳೆಯ ಕೊನೆಯ ಭಾಗವನ್ನು ನಮ್ಮ ಕೋಶದ ಕಿಣ್ವಗಳು ಪೂರ್ತಿ ಅರಗಿಸಲಾರವು. ಉಳಿದ ತುಂಡು ರಿಗ್-ಐ ದಾರಿಗೆ ಅಡ್ಡಿ ಮಾಡುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್ ತಯಾರಿಸಿದ ಲಸಿಕೆಯ ವೈರಸ್‌ಗಳಲ್ಲಿ ಆ ಭಾಗದಿಂದ 30 ಅಕ್ಷರ ಕಿತ್ತುಹಾಕಿದ್ದಾರೆ. ಅಂಥ ಒಂದು ವೈರಸ್‌ನಲ್ಲಿ ಈ ತುಂಡು ಕಡಿಮೆಯಾಗಿ, ಅದು ಇಂಟರ್‌ಫೆರಾನ್‌ಗೆ ಬೇಗ ಬಗ್ಗುತ್ತದೆ ಅಂತ ಕಂಡಿದೆ. ಅದೇ ಮೂಲದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪರೀಕ್ಷೆ ಭಾರತದಲ್ಲಿ 2024ರ ಆಗಸ್ಟ್‌ನಲ್ಲಿ ಶುರುವಾಯಿತು.

ಕೊರೊನಾ ಕಾಲದ ನಮ್ಮ ಎರಡು ಲಸಿಕೆಗಳು ಎಂಆರ್‌ಎನ್‌ಎ ಲಸಿಕೆಗಳಿಗೆ ತದ್ವಿರುದ್ಧವಾದ ಉಪಾಯ ಮಾಡಿದವು. ಕಾವಲನ್ನು ಬೇಕೆಂದೇ ಎಬ್ಬಿಸಿದವು. ಕೊವ್ಯಾಕ್ಸಿನ್‌ನಲ್ಲಿದ್ದದ್ದು ಸಾಯಿಸಿದ ವೈರಸ್. ಸತ್ತ ವೈರಸ್ ತಾನಾಗಿ ಪ್ರತಿ ಮಾಡಿಕೊಳ್ಳುವುದಿಲ್ಲ, ಹಾಗಾಗಿ ಅದರ ಕಡೆಯಿಂದ ಸುಳಿವು ಕಡಿಮೆ. ಅದಕ್ಕೆ ಟಿಎಲ್‌ಆರ್‌7 ಮತ್ತು 8ನ್ನು ಕೆರಳಿಸುವ ಒಂದು ಚಿಕ್ಕ ಅಣುವನ್ನು ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿ ಸೇರಿಸಿದ್ದರು. ಕೋರ್ಬೆವ್ಯಾಕ್ಸ್‌ನಲ್ಲಿ ಇದ್ದದ್ದು ವೈರಸ್‌ನ ಒಂದು ಪ್ರೋಟೀನಿನ ತುಂಡು ಮಾತ್ರ, ವೈರಸ್‌ನ ಆರ್‌ಎನ್‌ಎ ಒಂದು ಅಕ್ಷರವೂ ಇರಲಿಲ್ಲ. ಅದರ ಜೊತೆ 22 ಅಕ್ಷರದ ಒಂದು ಡಿಎನ್‌ಎ ಎಳೆ ಹಾಕಿದ್ದರು. ಸಿ ಮುಂದೆ ಜಿ ಇರುವ, ಮೀಥೈಲ್ ಗುರುತಿಲ್ಲದ ಜೋಡಿಗಳ ಎಳೆ, ಟಿಎಲ್‌ಆರ್‌9ಗೆಂದೇ ಬರೆದದ್ದು. 2022ರ ಮಾರ್ಚ್ 16ರಿಂದ 12ರಿಂದ 14 ವರ್ಷದ ಮಕ್ಕಳಿಗೆ ದೇಶದಾದ್ಯಂತ ಕೊಟ್ಟದ್ದು ಈ ಲಸಿಕೆಯನ್ನೇ.